ಇನ್ನೂ ಆರು ವಾರ

ಮಾರ್ಚ್ 2, ಬೆಳಿಗ್ಗೆ

ಜಡೆ ಹಾಕುವ ಕೆಲಸ ಇವತ್ತೂ ನನ್ನದೇ. ಸೊಟ್ಟ. ಮಗಳ ಮುಂಗೂದಲು ಕಣ್ಣಿಗೆ ಬೀಳುತ್ತಿದೆ, ಕತ್ತರಿ ಮುಟ್ಟಿಸಲು ಬಿಡುವುದಿಲ್ಲ. "ಅಮ್ಮಾನೇ ಕಟ್ ಮಾಡ್ಬೇಕು." ಅತ್ತೆ ಕ್ಲಿಪ್ ಸಿಕ್ಕಿಸಿ, "ಥೇಟ್ ಅಪ್ಪನ ಹಠ" ಎಂದರು. ಅವರ ಮಗಳು ಮಹಾ ಸಾಧು ಪಾಪ!

ಹೆಂಡತಿಗೆ ವಾರದ ಸಂದೇಶ ಕಳಿಸಿದೆ. ನಲವತ್ತು ಪದ ಮೀರುವಂತಿಲ್ಲ. ಕೆಟ್ಟ ಸುದ್ದಿ ಕೂಡದು. ಉತ್ತರವಂತೂ ಬರುವುದೇ ಇಲ್ಲ — ನೀರಿನಡಿ ಅಡಗಿರುವ ಸಬ್‌ಮರೀನು ಸದ್ದು ಮಾಡಬಾರದಲ್ಲ. ಅದರಲ್ಲಿ ಡಾಕ್ಟರ್ ಅವಳು. ಇಪ್ಪತ್ತೊಂದಕ್ಕೆ ವಾಪಸ್.

ಮಾರ್ಚ್ 5

ನೆರೆಯವರು ಅಣುಬಾಂಬ್ ಹೊರುವ ಹೊಸ ಕ್ಷಿಪಣಿಯನ್ನು ಪರೀಕ್ಷೆಗೆಂದು ಹಾರಿಸಿದರು. ವಿದೇಶಾಂಗ ಕಚೇರಿಯಲ್ಲಿ ಅವರ ದೇಶದ ಡೆಸ್ಕ್ ನನ್ನದು, ಫೋನೆಲ್ಲ ನನ್ನ ತಲೆ ಮೇಲೆ. ಹೇಳಿಕೆ ತಿದ್ದಿದ್ದೇ ತಿದ್ದಿದ್ದು. "ತೀವ್ರ ಕಳವಳ" ಸಾಲದಂತೆ, "ಸಹಿಸೆವು" ಜಾಸ್ತಿಯಂತೆ… ಮನೆಗೆ ಬಂದರೆ ಅತ್ತೆ ಟಿವಿಗೆ ಬೈಯುತ್ತಿದ್ದರು. "ಇವ್ರಿಗೆಲ್ಲ ಮಾಡೋಕೆ ಬೇರೆ ಕೆಲ್ಸ ಇಲ್ವಾ?"

ಮಾರ್ಚ್ 8, ಸಂಜೆ

ಸಭೆ. ಸೇನೆಯವರು ನಾವೂ ಗಡಿಗೆ ಕ್ಷಿಪಣಿ ಸಾಗಿಸೋಣ ಎಂದರು. ಆಗ ನೆರೆಯವರೂ ಸಾಗಿಸುತ್ತಾರೆ. ಆಮೇಲೆ ಯಾರೋ ಒಬ್ಬರು ಗಾಬರಿಬಿದ್ದರೆ ಕಥೆ ಮುಗಿಯಿತು. ಸುಮ್ಮನಿದ್ದರೆ ಹೆದರಿದೆವು ಅಂದುಕೊಳ್ಳುತ್ತಾರೆ. ನಡುವಿನ ದಾರಿ ಒಂದೇ — ಸಬ್‌ಮರೀನನ್ನು ವಾಪಸ್ ಕರೆಸದಿರುವುದು. ಬಂದರು ಖಾಲಿ ಇರುವುದು ಅವರ ಉಪಗ್ರಹಕ್ಕೆ ಕಾಣುತ್ತದೆ. ನಮ್ಮ ಅಣುಕ್ಷಿಪಣಿ ಕಡಲಡಿಯಲ್ಲೇ ಕಾದಿದೆ ಎಂದು ಅರ್ಥವಾಗುತ್ತದೆ. ಊರೆಲ್ಲ ಡಂಗುರ ಹೊಡೆಯಬೇಕಾಗಿಲ್ಲ.

ಕಾರ್ಯದರ್ಶಿ ಕಾರಿಡಾರಿಗೆ ಕರೆದರು. "ನಿಮ್ಮನೆಯವ್ರು ಅದ್ರಲ್ಲೇ ಇದಾರಲ್ವಾ? ನೀವು ಹೇಳ್ಬೇಕಾಗಿಲ್ಲ. ಬೇರೆಯವ್ರನ್ನ ಕೇಳ್ತೀನಿ."

ಬೇರೆಯವರು ಕ್ಷಿಪಣಿ ಸಾಗಿಸಿ ಎನ್ನುತ್ತಾರೆ. ಒಳಗೆ ಹೋಗಿ ನಾನೇ ಹೇಳಿದೆ: ಇನ್ನೂ ಆರು ವಾರ ಅಲ್ಲೇ ಇರಲಿ. ಸಭೆಯಲ್ಲಿ ಅದನ್ನು "ನಮ್ಮ ಸಾಮರ್ಥ್ಯ" ಅನ್ನುತ್ತೇವೆ. ಆ ಸಾಮರ್ಥ್ಯದೊಳಗೆ ನನ್ನ ಹೆಂಡತಿ ಯಾರದೋ ಹಲ್ಲುನೋವಿಗೆ ಮಾತ್ರೆ ಕೊಡುತ್ತಿರುತ್ತಾಳೆ.

ಮಾರ್ಚ್ 9

ನೌಕಾಪಡೆಯಿಂದ ಮನೆಗೆ ಫೋನ್ ಬಂತು. ತಡವಾಗುತ್ತದೆ, ಕಾರಣ ಕೇಳಬೇಡಿ. ಅತ್ತೆ ಕೆಂಡಾಮಂಡಲ. "ಯಾವ ಪುಣ್ಯಾತ್ಮನ ಐಡಿಯಾನೋ ಇದು!"

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ನನ್ನನ್ನೇ ನೋಡಿದರು.

"ನಿಮ್ದೇನಾ?"

ಬಾಯಿ ಬಿಡುವಂತಿಲ್ಲ.

"ಯೋಚ್ನೆ ಮಾಡ್ದೆ ಏನೂ ಮಾಡೋರಲ್ಲ ನೀವು, ಗೊತ್ತು. ಆದ್ರೂ ಇವತ್ತೊಂದಿನ ನಿಮ್ಮ ಹತ್ರ ಮಾತಾಡಲ್ಲ."

ಹಾಗೆಂದವರೇ ನನ್ನ ತಟ್ಟೆಗೆ ಬಿಸಿ ಅನ್ನ ಬಡಿಸಿದರು. ಇನ್ನೇನು ಅತ್ತುಬಿಡುತ್ತಿದ್ದೆ.

ಮಾರ್ಚ್ 21

ಇವತ್ತು ಬರಬೇಕಿತ್ತು.

ತುಂಬಾ ನೆನಪಾಗುತ್ತಾಳೆ. ಅವಳ ಜಾಗದಲ್ಲಿ ಮಗಳು ಅಡ್ಡಡ್ಡ ಮಲಗಿ ಒದೆಯುತ್ತಾಳೆ. ಒದೆಯಲಿ. ಸಂದೇಶದಲ್ಲಿ ಬರೆದೆ: ಎಲ್ಲರೂ ಚೆನ್ನಾಗಿದ್ದೇವೆ, ಜಡೆ ಸುಧಾರಿಸಿದೆ. ಎರಡನೆಯದು ಸುಳ್ಳು.

ಏಪ್ರಿಲ್ 14

ನೆರೆಯವರು ಎರಡನೇ ಪರೀಕ್ಷೆ ಕೈಬಿಟ್ಟರು! ಮಾತುಕತೆಗೂ ಒಪ್ಪಿದ್ದಾರೆ. ಕಚೇರಿಯಲ್ಲಿ ಎಲ್ಲರೂ ಕೈಕುಲುಕಿದ್ದೇ ಕುಲುಕಿದ್ದು. ಮಾತುಕತೆ ಮುಗಿಯುವವರೆಗೆ ಸಬ್‌ಮರೀನು ಅಲ್ಲೇ ಇರಲಿ, ಎಂದರು ಕಾರ್ಯದರ್ಶಿ. ಹೂಂ ಎಂದೆ. ಮತ್ತೇನು ಎನ್ನಲಿ?

ಮನೆಗೆ ಬಂದು ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಹೇಳಿದೆ — ಅಮ್ಮ ಬರುವುದು ಇನ್ನೂ ಸ್ವಲ್ಪ ತಡ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಯಾರು ಬೇಡ ಅಂದಿದ್ದು?"

"ದೊಡ್ಡೋರೆಲ್ಲ ಕೂತು ಮಾತಾಡಿದ್ರು ಪುಟ್ಟಿ."

"ನೀನೂ ಇದ್ಯಾ ಅಲ್ಲಿ?"

"ಇದ್ದೆ."

ನನ್ನ ಕುತ್ತಿಗೆಗೆ ಜೋತುಬಿದ್ದಳು.

"ನೀನು ಅಮ್ಮನ್ನ ಕಳ್ಸಿ ಅಂತ ಜೋರಾಗಿ ಹೇಳಿರ್ತೀಯ. ಅವ್ರು ಕೇಳಿಲ್ಲ ಅಷ್ಟೆ. ಬೇಜಾರ್ ಮಾಡ್ಕೋಬೇಡ ಅಪ್ಪ."

ನನ್ನ ಬೆನ್ನು ತಟ್ಟುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಅವಳಿಗೂ ಹೂಂ ಎಂದೆ.