ಫೋಲ್ಡರಿಗೆ ಅಂಟಿದ ಚೀಟಿ

೪ ಜೂನ್ ೨೦೦೪, ಶುಕ್ರವಾರ. ಬೆಳಿಗ್ಗೆ ೧೦

ಮುನ್ನೂರ ಹನ್ನೆರಡನೇ ಪುಟ. ಇನ್ನೂ ತೊಂಬತ್ತು ಬಾಕಿ. ಜೂನ್ ಮುಗಿಯುವುದರೊಳಗೆ ಆರೋಗ್ಯ ಇಲಾಖೆಯ ವೆಬ್‌ಸೈಟಿನ ಪ್ರತಿ ಪುಟದ ಬೆನ್ನಿಗೂ ಒಂದು ಚೀಟಿ ಇರಬೇಕಂತೆ — ಯಾವ ವಿಷಯ, ಕಣ್ಣಿಲ್ಲದವರ ಯಂತ್ರ ಓದಬಲ್ಲದೇ, ಮಕ್ಕಳು ನೋಡಬಹುದೇ. ಓದುವವರಿಗೆ ಅದು ಕಾಣುವುದೇ ಇಲ್ಲ, ಕಂಪ್ಯೂಟರುಗಳಿಗೆ ಮಾತ್ರ. ಕಾಣದ ಕೆಲಸಕ್ಕೇ ಹುಟ್ಟಿದವಳು ನಾನು.

ಇವತ್ತು ಸ್ತನ ಪರೀಕ್ಷೆಯ ಚಿತ್ರ. ಕಣ್ಣಿಲ್ಲದವರಿಗಾಗಿ ಮಾತಿನಲ್ಲಿ ಬರೆದೆ: ಹೆಂಗಸು ಎಡಗೈ ಎತ್ತಿ, ಬಲಗೈ ಬೆರಳಿನಿಂದ ಒತ್ತಿ ನೋಡುತ್ತಿದ್ದಾಳೆ. ಹಿಂದೆ ನಿಂತು ಓದಿದ ನಮ್ಮ ಸಾಹೇಬ ಕ್ಲೈವ್, "ಏನ್ ಲೋರ್ನಾ, ಬೆಳ್ಬೆಳಿಗ್ಗೇನೇ ಶೃಂಗಾರ ಕಾವ್ಯನಾ?" ಅಂದ. "ನಿನ್ ಹೆಂಡ್ತಿಗೆ ಓದಿ ಹೇಳು, ಉಪಯೋಗಕ್ಕೆ ಬರತ್ತೆ" ಅಂದೆ. ತನ್ನ ಮೇಜಿಗೆ ಹೊರಟ.

ಚೀಟಿಯಲ್ಲಿ, ನಗ್ನತೆ: ಹೌದು. ಗುರುತು ಹಾಕಿ ಲ್ಯಾಮಿಂಗ್ಟನ್ ಕೇಕ್ ತಿನ್ನಲು ಹೋದೆ.

೨೧ ಜೂನ್, ಸೋಮವಾರ. ೯:೪೦

ಟಾಲೋ ಕ್ರೀಕ್ ಲೈಬ್ರರಿಯಿಂದ ಫೋನ್. ವರ್ನಾ ಅಂತ. "ಅಲ್ಲಮ್ಮಾ, ಕ್ಯಾನ್ಸರ್ ಪರೀಕ್ಷೆ ವ್ಯಾನಿನ ಪುಟ ತೆಗೆದ್ರೆ 'ಅಶ್ಲೀಲ' ಅಂತ ಮುಚ್ಕೊಳತ್ತಲ್ಲ! ನಮ್ಮೂರ ಮುದುಕೀರು ಬಿದ್ದು ಬಿದ್ದು ನಗ್ತಿದಾರೆ."

ನಾನೂ ನಕ್ಕೆ. ನಗಬಾರದಿತ್ತು.

೧೦:೧೫

ನನ್ನದೇ ತಪ್ಪು. ಚಿತ್ರಕ್ಕೆ ಅಂಟಿಸಬೇಕಾದ ಚೀಟಿಯನ್ನು ಇಡೀ ಫೋಲ್ಡರಿಗೆ ಅಂಟಿಸಿದ್ದೇನೆ. ಫೋಲ್ಡರಿಗೆ ಹಾಕಿದ್ದು ಒಳಗಿನ ಪುಟಕ್ಕೆಲ್ಲ ಇಳಿಯುತ್ತದೆ — ಹೊಸಬರಿಗೆ ನಾನೇ ಪಾಠ ಮಾಡಿದ್ದು. ವ್ಯಾನಿನ ಪುಟವೂ ಅಲ್ಲೇ ಇದೆ. ವ್ಯಾನ್ ಒಂದೊಂದು ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಈ ಸಲದಿಂದ ಮನೆಗೆ ಕಾಗದ ಕಳಿಸುವುದೂ ಬಂದ್. ದಿನಾಂಕ, ಬುಕಿಂಗ್ ನಂಬರು ಎಲ್ಲ ಆ ಒಂದೇ ಪುಟದಲ್ಲಿ. ಆ ಊರುಗಳಲ್ಲಿ ಇಂಟರ್ನೆಟ್ ಅಂದರೆ ಲೈಬ್ರರಿ. ಲೈಬ್ರರಿಯ ಕಂಪ್ಯೂಟರು ನನ್ನ ಚೀಟಿ ನೋಡಿ ಬಾಗಿಲು ಹಾಕುತ್ತದೆ.

ಹದಿನೇಳು ದಿನ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

೧೧:೦೦

ಕ್ಲೈವ್: "ತಿದ್ದೋಕೆ ಫಾರ್ಮ್ ತುಂಬು. ಗುರುವಾರ ಸಮಿತಿ ಕೂತ್ಕೊಳತ್ತೆ."

"ನಾಳೆ ಮಧ್ಯಾಹ್ನ ವ್ಯಾನ್ ಟಾಲೋ ಕ್ರೀಕ್ ಬಿಡತ್ತೆ ಕಣಯ್ಯಾ!"

"ನನ್ ಮೇಲೆ ಯಾಕ್ ಕೂಗಾಡ್ತೀಯ? ಆ ನಿಯಮ ಬರೆದೋಳು ನೀನೇ."

ಹೌದು, ನಾನೇ. ಬಂದು ಕೂತು ಚೀಟಿ ಕಿತ್ತೆಸೆದೆ. ಆಗುವುದಾಗಲಿ. ಆದರೂ ಮುಚ್ಚಬೇಕಾದ ಪುಟಗಳ ಹೊಸ ಪಟ್ಟಿ ಲೈಬ್ರರಿಗಳಿಗೆ ಹೋಗುವುದು ಭಾನುವಾರಕ್ಕೇ. ಇನ್ನು ಫೋನೇ ಗತಿ. ಒಂಬತ್ತು ಊರು.

೧೨:೩೦

ವರ್ನಾಗೆ ಪುಟ ಓದಿ ಹೇಳಿದೆ. ಬರೆದುಕೊಂಡು ಲೈಬ್ರರಿ ಬಾಗಿಲಿಗೆ ಅಂಟಿಸಿದಳು. ಐದು ಊರು ಮುಗಿಯಿತು. ಉಳಿದ ನಾಲ್ಕಕ್ಕೂ ವ್ಯಾನ್ ಇನ್ನೂ ಹೋಗಿಲ್ಲ, ಪುಣ್ಯ. ಸ್ಯಾಂಡ್‌ವಿಚ್ ಹಾಗೇ ಇದೆ. ಕೂತಲ್ಲಿ ಕೂರಲಾಗುತ್ತಿಲ್ಲ. ದಿನಾಂಕ ಇನ್ನೊಮ್ಮೆ ನೋಡಬೇಕು...

೧೨:೪೦

ತಪ್ಪು ನೋಡಿದ್ದೆ. ಆ ನಾಲ್ಕರಲ್ಲಿ ಒಂದಾದ ಸ್ಟ್ರೀಟನ್‌ಗೆ ಕಳೆದ ಬುಧವಾರವೇ ವ್ಯಾನ್ ಬಂದು ಹೋಗಿದೆ.

೨:೧೦

ಸ್ಟ್ರೀಟನ್ ಲೈಬ್ರರಿಯ ಮರ್ವಿನ್ ಈಗ ಫೋನಿಗೆ ಸಿಕ್ಕಿದ.

"ಬಂದಿತ್ತಾ? ಎಲ್ಲಿ ನಿಂತಿತ್ತು?" ಅಂತ ನನ್ನನ್ನೇ ಕೇಳಿದ.

"ಮೇಲೆ, ಗಣಿ ಗೇಟ್ ಹತ್ರ." ಪುಟ ನೋಡಿ ಹೇಳಿದೆ.

"ಅಲ್ಲಿಗ್ಯಾರ್ ಹೋಗ್ತಾರೆ ಈಗ? ಗಣಿ ಮುಚ್ಚಿ ನಾಲ್ಕ್ ವರ್ಷ ಆಯ್ತು." ಕಾಗದ ಮಗುಚುವ ಸದ್ದು. "ಒಬ್ಬಾಕೆ ಕೇಳ್ಕೊಂಡ್ ಬಂದಿದ್ರು. ಐರಿಸ್ ಗ್ರಬ್. ಪುಟ ತೆಗೀಲಿಲ್ಲ. ಈ ವರ್ಷ ಬರಲ್ಲ ಅನ್ಸತ್ತೆ ಅಂತ ನಾನೇ ಕಳಿಸ್ಬಿಟ್ಟೆ. ಎಡಗಡೆ ಏನೋ ಕೈಗೆ ಸಿಗ್ತಿದೆ ಅಂದ್ರು... ನಾನ್ ಗಂಡಸು, ಏನ್ ಹೇಳ್ಲಿ? ನಂಬರ್ ಬರ್ಸಿ ಹೋಗಿದಾರೆ, ಬಂದ್ರೆ ತಿಳ್ಸಿ ಅಂತ."

ಮುಂದಿನ ವ್ಯಾನ್ ೨೦೦೬ಕ್ಕೆ.

೨:೩೫

ಎರಡು ಸಲ ನಂಬರು ಒತ್ತಿ ಇಟ್ಟೆ. ಏನು ಹೇಳುವುದು? ತಪ್ಪು ನನ್ನದು ಅಂತ ಮೊದಲು. ಆಮೇಲೆ — ಹೋಬಾರ್ಟಿಗೆ ಬನ್ನಿ, ನಮ್ಮನೆಯಲ್ಲೇ ಇರಿ, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಗುರುತು ಪರಿಚಯವಿಲ್ಲದವಳ ಮಾತು ಯಾರು ನಂಬುತ್ತಾರೆ? ಭಯವಾಗುತ್ತಿದೆ.

೨:೪೦

ರಿಂಗ್ ಆಗುತ್ತಿದೆ. ಬರೆಯುತ್ತಲೇ ಇದ್ದೇನೆ, ಇಲ್ಲದಿದ್ದರೆ ಮತ್ತೆ ಇಟ್ಟುಬಿಡುತ್ತೇನೆ. ಆರು. ಏಳು. ಗಂಡಸಿನ ದನಿ. ವ್ಯಾನಿನ ವಿಷಯಕ್ಕೆ ಅಂದೆ.

"ವ್ಯಾನಿನವ್ರಾ? ತಾಳಿ ತಾಳಿ, ಇಡ್ಬೇಡಿ! ವಾರದಿಂದ ಫೋನ್ ಬಿಟ್ಟು ಎದ್ದಿಲ್ಲ ಅವ್ಳು, ಈಗಷ್ಟೇ ಬಟ್ಟೆ ಹರವೋಕೆ ಹೋದ್ಲು. ಐರಿಸ್! ಬಂದ್ರು ಕಣೇ, ವ್ಯಾನ್ ಬಂತು!"

ಓಡಿ ಬರುತ್ತಿದ್ದಾಳೆ. ನಾನು ಮೊದಲು