ಸಾಕ್ಷಿಗೆ ಮನೆಯವರೇ ಆಗಬೇಕು

ಗುರುವಾರ
ಬೆಳಿಗ್ಗೆ ಬಿಸಿಲು, ಆಮೇಲೆ ಮೋಡ, ಈಗ ಎರಡೂ ಅಲ್ಲದ್ದು

ನನ್ನ ಮುದ್ದಿನ ತಕರಾರಮ್ಮನಿಗೆ ಅಮ್ಮನ ಆಶೀರ್ವಾದಗಳು.

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ತಂತಿಯ ಎಡಭಾಗದಲ್ಲಿ, ಈ ವರ್ಷದ ಮೊಟ್ಟಮೊದಲ ಚಿಟ್ಟೆಯು ದರ್ಶನ ನೀಡಿದೆ. ಬಣ್ಣ ಹಳದಿ. ಗಾತ್ರ ಕೋಟಿನ ಗುಂಡಿಗಿಂತ ತುಸು ದೊಡ್ಡದು. ಹಾರಾಟ ತೃಪ್ತಿಕರ. ಸಮಸ್ತರು ಎಂದರೆ ಸದ್ಯಕ್ಕೆ ನೀನೊಬ್ಬಳೇ. ಮಿಕ್ಕ ಜಗತ್ತಿಗೆ ಬೇರೆ ಕೆಲಸವಿದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಆದರೆ ಫೋನಿನಲ್ಲಿ ನೀನು ಅಪ್ಪ ಹೇಗಿದ್ದಾರೆ ಅಂತ ಕೇಳಿದ ಕೂಡಲೇ, ನನ್ನ ಬಾಯಿ ನನ್ನ ಅಪ್ಪಣೆಗೂ ಕಾಯದೆ ಚೆನ್ನಾಗಿದ್ದಾರೆ ಅಂದುಬಿಡುತ್ತದೆ. ಕೈ ಹಾಗಲ್ಲ. ಅದು ಟೈಪಿಸ್ಟ್ ಆಗಿದ್ದವಳ ಕೈ. ಮುಂದಿಟ್ಟದ್ದನ್ನು ಇದ್ದ ಹಾಗೆ ಇಳಿಸಿ ಅದಕ್ಕೆ ಅಭ್ಯಾಸ.

ಮೊದಲು ಹವಾಮಾನ. ಈ ಸಲ ಚಳಿಗಾಲ ಸಾಲ ಕೇಳಲು ಬಂದ ನೆಂಟನ ಹಾಗೆ ವರ್ತಿಸುತ್ತಿದೆ. ಹೊರಟೆ ಹೊರಟೆ ಅನ್ನುತ್ತದೆ, ಬಾಗಿಲವರೆಗೆ ಹೋಗುತ್ತದೆ, ಮತ್ತೆ ಬಂದು ಕುರ್ಚಿಯಲ್ಲಿ ಕೂರುತ್ತದೆ. ಬೆಳಿಗ್ಗೆ ಬಿಸಿಲು ನೋಡಿ ಸ್ವೆಟರ್ ತೆಗೆದರೆ ಮಧ್ಯಾಹ್ನಕ್ಕೆ ಆಲಿಕಲ್ಲು. ಈ ಗೊಂದಲದಲ್ಲೂ ನಿಮ್ಮಪ್ಪ ದಿನಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಅಂಗಡಿ ಮುಚ್ಚಿ ವರ್ಷಗಳಾದವು. ಊರಿನ ಅರ್ಧ ಮೂಗುಗಳ ಮೇಲೆ ಕನ್ನಡಕ ಕೂರಿಸಿದ ಆ ಕಣ್ಣು ಮಾತ್ರ ಇನ್ನೂ ಚುರುಕು. ಗಾಳಿಗೆ ಹಾರುವ ಎಲೆಯೋ ಚಿಟ್ಟೆಯೋ ಅಂತ ಅಷ್ಟು ದೂರದಿಂದ ಹೇಳುತ್ತಾರೆ. ಹಾಳಾಗಿರುವುದು ಕಣ್ಣಲ್ಲ ಅಂತ ನಿನಗೂ ಗೊತ್ತು.

ಮೊದಲ ಚಿಟ್ಟೆಯ ನಿಯಮ ನೆನಪಿದೆಯಲ್ಲ? ಮರೆತಿದ್ದರೆ ಹೇಗೆ, ಮಾಡಿದವಳೇ ನೀನು. ನಿನಗಾಗ ಏಳೋ ಎಂಟೋ. ಆ ವರ್ಷ ನಿಮ್ಮಪ್ಪ ರಸ್ತೆಯಲ್ಲಿ ಹಾರುತ್ತಿದ್ದ ಹಳದಿ ಬಸ್ ಟಿಕೆಟನ್ನು ಮೊದಲ ಚಿಟ್ಟೆ ಎಂದು ಘೋಷಿಸಿ, ಪಕ್ಕದ ಮನೆಯ ಡ್ರೈವಿಂಗ್ ಮಾಸ್ತರಿಗೆ ಎರಡು ಬಿಸ್ಕತ್ತು ಕೊಟ್ಟು ಹೌದು ಅನ್ನಿಸಿದ್ದರು. ನೀನು ಊಟ ಬಿಟ್ಟು ಕೂತೆ. ಸಂಜೆಯ ಹೊತ್ತಿಗೆ ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲ್ಲಿನಲ್ಲಿ ಬರೆದ ಕಾಗದ ಅಂಟಿತ್ತು. ಒಂದು, ಸಾಕ್ಷಿ ಬೇಕು. ಎರಡು, ಸಾಕ್ಷಿಗೆ ಮನೆಯವರೇ ಆಗಬೇಕು, ಹೊರಗಿನವರು ಬಿಸ್ಕತ್ತಿಗೆ ಸುಳ್ಳು ಹೇಳುತ್ತಾರೆ. ಅವತ್ತೇ ಅಲ್ಲವೇ ನಿನಗೆ ತಕರಾರಮ್ಮ ಅಂತ ನಾಮಕರಣವಾದದ್ದು.

ನೀನು ಮದುವೆಯಾಗಿ ಹೋದ ಮೇಲೆ ಸಾಕ್ಷಿಯ ಹುದ್ದೆ ಪೂರ್ತಿ ನನ್ನ ಪಾಲಿಗೆ ಬಂತು. ಸಂಬಳವಿಲ್ಲ, ರಜೆಯೂ ಇಲ್ಲ. ಕಳೆದ ವರ್ಷದಿಂದ ಕೆಲಸ ಹೆಚ್ಚಾಯಿತು, ಏಕೆಂದರೆ ನಿಮ್ಮಪ್ಪನಿಗೆ ಪ್ರತಿ ಚಿಟ್ಟೆಯೂ ಮೊದಲನೆಯದೇ. ಬೆಳಿಗ್ಗೆ ಒಂದು ಮೊದಲ ಚಿಟ್ಟೆ, ಊಟಕ್ಕೆ ಮೊದಲು ಇನ್ನೊಂದು ಮೊದಲ ಚಿಟ್ಟೆ. ನಾನು ಒಲೆ ಆರಿಸಿ ಓಡಿಹೋಗಿ, ಮೇಲೆ ನೋಡಿ, ಅಯ್ಯೋ ಹೌದಲ್ರೀ, ಇಷ್ಟು ಬೇಗ ಬಂದುಬಿಡ್ತಾ ಅನ್ನಬೇಕು. ಅನ್ನುತ್ತಿದ್ದೆ. ನಿಜ ಹೇಳಲೇ, ನನಗೂ ರೂಢಿಯಾಗಿಬಿಟ್ಟಿತ್ತು. ವರ್ಷಕ್ಕೊಮ್ಮೆ ಸಿಗುವ ಸಂತೋಷ ದಿನಕ್ಕೆರಡು ಸಲ ಸಿಕ್ಕರೆ ಯಾರು ಬೇಡ ಅಂತಾರೆ?

ಈಗ ಕೈ ಬರೆಯಬೇಕಾದ್ದಕ್ಕೆ ಬರುತ್ತೇನೆ. ಕಳೆದ ವಾರ ನನ್ನನ್ನು ಹುದ್ದೆಯಿಂದ ವಜಾ ಮಾಡಲಾಯಿತು.

ಎಂದಿನಂತೆ ಕರೆದರು, ಎಂದಿನಂತೆ ಓಡಿದೆ. ಚಿಟ್ಟೆ ತಂತಿಯ ಹತ್ತಿರವೇ ಇತ್ತು, ಒಳ್ಳೆಯ ಚಿಟ್ಟೆ, ಬಸ್ ಟಿಕೆಟ್ ಅಲ್ಲ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ ಎದ್ದು ನಿಂತು, ಅಂಗಡಿಗೆ ಬಂದ ಗಿರಾಕಿಯ ಹತ್ತಿರ ಮಾತಾಡುವ ಹಾಗೆ ಬಹಳ ಮರ್ಯಾದೆಯಿಂದ ಹೇಳಿದರು: "ನೀವು ಬೇಡ ಅಮ್ಮಾ, ತಪ್ಪು ತಿಳ್ಕೋಬೇಡಿ. ಮನೆಯವಳನ್ನ ಸ್ವಲ್ಪ ಕರೀರಿ. ಸಾಕ್ಷಿಗೆ ಮನೆಯವ್ರೇ ಆಗ್ಬೇಕು."

ನಾನು ಒಳಗೆ ಹೋದೆ. ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಕನ್ನಡಕ ತೆಗೆದೆ, ಅವರು ಕೊಡಿಸಿದ ಹಸಿರು ಶಾಲು ಹೊದ್ದುಕೊಂಡೆ. ಮತ್ತೆ ಹೋಗಿ ನಿಂತೆ. ಈ ವಯಸ್ಸಿನಲ್ಲಿ ಹೆಣ್ಣು ತೋರಿಸುವ ಶಾಸ್ತ್ರಕ್ಕೆ ನಿಂತ ಹಾಗಾಯಿತು. ಅವರು ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಮೋಡ ಬಂತು, ಚಿಟ್ಟೆ ಹೋಯಿತು. ಹಾಲು ಉಕ್ಕಿದ ವಾಸನೆಗೆ ನಾನು ಒಳಗೆ ಓಡಿದೆ. ಒಲೆ ಒರೆಸಿ ಬರುವಷ್ಟರಲ್ಲಿ ಮೆಟ್ಟಿಲು ಖಾಲಿ. ಕೋಟು ಗೂಟದ ಮೇಲೆ, ಆಲಿಕಲ್ಲು ತಗಡಿನ ಮೇಲೆ.

ಡ್ರೈವಿಂಗ್ ಮಾಸ್ತರು ಪಾಠದ ನಡುವೆಯೇ ಕಾರು ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡರು. ಸ್ಟೀರಿಂಗ್ ಹಿಡಿದಿದ್ದವಳು ಎರಡನೇ ದಿನದ ಶಿಷ್ಯೆ, ಬ್ಯಾಂಕಿನಲ್ಲಿ ಕೆಲಸವಂತೆ. ಕಳೆದುಹೋದ ಮನುಷ್ಯನನ್ನು ಇಷ್ಟು ನಿಧಾನವಾಗಿ ಯಾರೂ ಹುಡುಕಿರಲಿಕ್ಕಿಲ್ಲ. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಮೊದಲ ತಿರುವಿನಲ್ಲಿ ಮಾಸ್ತರು ಅವಳನ್ನು ಹಿಂದೆ ಕೂರಿಸಿ ತಾವೇ ಓಡಿಸಿದರು. ಪಾಪ, ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಧೈರ್ಯ ಹೇಳುತ್ತಿದ್ದದ್ದು ಅವಳಿಗೆ.

ಎಲ್ಲಿದ್ದರು ಗೊತ್ತೇ? ನನ್ನ ಹಳೆಯ ಆಫೀಸಿನ ಮುಂದೆ. ಮದುವೆಯಾದ ಹೊಸದರಲ್ಲಿ ಮೊದಲ ಚಿಟ್ಟೆ ಕಂಡ ದಿನ ಅಂಗಡಿಗೆ ಬೀಗ ಹಾಕಿ, ನಾನು ಕೆಲಸ ಬಿಡುವ ಹೊತ್ತಿಗೆ ಆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಆ ಆಫೀಸು ಹೋಗಿ ಈಗ ಚಪ್ಪಲಿ ಅಂಗಡಿಯಾಗಿದೆ. ಅಂಗಿ ಮೈಗೆ ಅಂಟಿತ್ತು, ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ ದಾರಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

"ಇಲ್ಲಿ ಟೈಪಿಸ್ಟ್ ಒಬ್ರಿದಾರೆ, ನನ್ನ ಹೆಂಡತಿ" ಅಂದರು. "ಇನ್ನೂ ಹೊರಗೆ ಬಂದಿಲ್ಲ. ಸ್ವಲ್ಪ ಒಳಗೆ ನೋಡಿ ಹೇಳ್ತೀರಾ?"

ಒಳಗೆ ಹೋದೆ. ಬೇರೇನು ಮಾಡಲಿ, ನೀನೇ ಹೇಳು. ನನ್ನ ಮೇಜು ಇದ್ದ ಜಾಗದಲ್ಲಿ ಮಕ್ಕಳ ಬೂಟುಗಳ ಸಾಲು. ಅಂಗಡಿಯ ಹುಡುಗಿ ಯಾವ ಸೈಜು ಬೇಕು ಆಂಟಿ ಅಂದಳು. ಸುಮ್ಮನೆ ನೋಡ್ತಿದೀನಮ್ಮ ಅಂದೆ. ಸ್ವಲ್ಪ ಹೊತ್ತು ನಿಜವಾಗಿಯೂ ನೋಡಿದೆ. ಆಮೇಲೆ ಹೊರಗೆ ಬಂದು ಹೇಳಿದೆ: "ಅವರು ಆಗಲೇ ಮನೆಗೆ ಹೋದ್ರಂತೆ. ನಿಮಗೇ ಕಾಯ್ತಿದಾರಂತೆ, ಬನ್ನಿ."

ಬಂದರು. ದಾರಿಯುದ್ದಕ್ಕೂ ಹಲ್ಲು ಕಟಕಟ ಅನ್ನುತ್ತಿದ್ದರೂ ಹೆಂಡತಿಯ ಗುಣಗಾನ ನಿಲ್ಲಲಿಲ್ಲ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಅಂತೆ. ಗೊರಕೆ ಹೊಡೆಯುತ್ತಾಳಂತೆ, ಆದರೆ ಒಪ್ಪುವುದಿಲ್ಲವಂತೆ. ಇಷ್ಟು ವರ್ಷ ಅದನ್ನು ಶುದ್ಧ ಸುಳ್ಳೆಂದು ವಾದಿಸಿದವಳು ನಾನು. ಗುರುತಿಲ್ಲದ ಹೆಂಗಸಿನ ಹತ್ತಿರ ಹೇಳಿದರು ಅಂದಮೇಲೆ ನಿಜವೇ ಇರಬೇಕು. ಮಾಸ್ತರು ಕನ್ನಡಿಯಲ್ಲಿ ನನ್ನನ್ನು ನೋಡಿ, ಬೇಗ ರಸ್ತೆಯ ಕಡೆ ತಿರುಗಿದರು. ಕೊನೆಗೆ ನಿಮ್ಮಪ್ಪ ಹೇಳಿದರು: "ಆದ್ರೆ ಒಂದು, ಚಿಟ್ಟೆ ಅಂದ್ರೆ ಸಾಕು, ಕೈಲಿರೋದನ್ನ ಬಿಟ್ಟು ಬರ್ತಾಳೆ."

ಮನೆಗೆ ಬಂದು ಕೋಣೆ ಕೋಣೆ ಹುಡುಕಿದರು. ಸ್ನಾನದಮನೆ ಬಾಗಿಲು ಕೂಡ ತಟ್ಟಿ ನೋಡಿದರು.

ಆ ಸಂಜೆಯೇ ಜ್ವರ ಬಂತು, ಎದೆಗೆ ಇಳಿಯಿತು. ಈಗ ಜ್ವರ ಬಿಟ್ಟಿದೆ, ಗಾಬರಿಯಾಗಬೇಡ. ಡಾಕ್ಟರು ಮಾತ್ರ ತಮಾಷೆಯ ಮನುಷ್ಯರಲ್ಲ. ಇನ್ನೊಮ್ಮೆ ಹೀಗೆ ನೆನೆದರೆ ತಮ್ಮನ್ನು ಕರೆಸುವ ಅಗತ್ಯ ಬೀಳಲಿಕ್ಕಿಲ್ಲ ಅಂದರು. ಹಾಗಾಗಿ ಎರಡೂ ಬಾಗಿಲಿಗೆ ಬೀಗ ಹಾಕಿದ್ದೇನೆ. ಅವರು ಒಳಗಿನಿಂದ ಬಡಿಯುತ್ತಾರೆ. ಯಾವಳೋ ಹೆಂಗಸು ತನ್ನನ್ನು ಕೂಡಿಹಾಕಿದ್ದಾಳೆ, ತನ್ನ ಹೆಂಡತಿಯನ್ನು ಏನು ಮಾಡಿದ್ದಾಳೋ ಅಂತ ನಿನ್ನೆ ಕಿಟಕಿಯಿಂದ ಮಾಸ್ತರಿಗೆ ದೂರು ಕೊಟ್ಟರು. ಮಾಸ್ತರು ವಿಚಾರಿಸುತ್ತೇನೆ ಅಂದರು. ಆಮೇಲೆ ನನ್ನ ಹತ್ತಿರ ಬಂದು ಬ್ರೇಕ್ ಆಯಿಲ್ ಬಗ್ಗೆ ಮಾತಾಡಿ ಹೋದರು.

ಇನ್ನು ನೀನೂ ಅಳಿಯಂದಿರೂ ಹುಡುಕಿಟ್ಟ ಆ ಮನೆಯ ವಿಷಯ, ಮರೆವಿನವರನ್ನು ನೋಡಿಕೊಳ್ಳುವ ಮನೆ. ನನ್ನ ಮೈಯಲ್ಲಿ ಉಸಿರಿರುವವರೆಗೂ ಆಗದು ಅಂತ ನಿನ್ನ ಮೇಲೆ ಕೂಗಾಡಿದ್ದೆ. ಅವರನ್ನು ಹೊರಗಿನವರ ಕೈಗೆ ಕೊಡುವುದಿಲ್ಲ ಅಂದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೊರಗಿನವರೇ ನೋಡಿಕೊಳ್ಳುವುದಾದರೆ ಕೆಲಸ ಗೊತ್ತಿರುವ ಹೊರಗಿನವರೇ ಆಗಲಿ.

ನಿನ್ನೆ ಮಾಸ್ತರ ಹೆಂಡತಿಯನ್ನು ಮನೆಯಲ್ಲಿ ಕೂರಿಸಿ ಹೋಗಿ ನೋಡಿಬಂದೆ. ಹಾಸಿಗೆ ಶುಚಿಯಾಗಿದೆ. ಅಂಗಳದಲ್ಲಿ ಬೆಂಚಿದೆ, ಹೂವಿನ ಪಾತಿ ಇದೆ. ಗೋಡೆ ಎತ್ತರ, ಚಿಟ್ಟೆಗೆ ಅದು ಲೆಕ್ಕಕ್ಕಿಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಕರೆದುಕೊಂಡು ಬರುತ್ತೇನೆ ಅಂದಿದ್ದೇನೆ. ಮೇಲ್ವಿಚಾರಕಿಯ ಹತ್ತಿರ ಇನ್ನೊಂದು ಮಾತೂ ಆಡಿದೆ. ದಿನಾ ಮಧ್ಯಾಹ್ನ ಬಂದು ಒಗೆದ ಬಟ್ಟೆ ಮಡಚಿಕೊಡುತ್ತೇನೆ, ಸಂಬಳ ಬೇಡ, ಅಂಗಳದ ಬೆಂಚಿನ ಮೇಲೆ ಕೂತು ಮಡಚಲು ಬಿಟ್ಟರೆ ಸಾಕು ಅಂದೆ. ಆಕೆ ಏಪ್ರನ್ ಇಲ್ಲೇ ಕೊಡ್ತೀವಿ ಅಂದರು. ನಿಮ್ಮಪ್ಪನಿಗೆ ಬಟ್ಟೆ ಮಡಚುವವಳ ಮೇಲೆ ದೂರು ಇರಲಾರದು.

ನೀನು ರಜೆ ಹಾಕಿ ಓಡಿ ಬರಬೇಡ. ಬಂದರೆ ಅವರಿಗೆ ನೀನೂ ಗಿರಾಕಿಯೇ. ಅವರು ಕೇಳುವ ಮಗಳಿಗೆ ಏಳೆಂಟು ವರ್ಷ. ಇದನ್ನು ನಿನ್ನ ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ನನ್ನ ಮೇಲೆ ಸಿಟ್ಟಿಲ್ಲ ತಾನೆ?

ಇಂತಿ ನಿನ್ನ,
ಅಮ್ಮ
(ಮಾಜಿ ಸಾಕ್ಷಿ)

ಮರೆತಿದ್ದು: ಒಂದು ಸಣ್ಣ ಕೆಲಸ ಆಗಬೇಕು. ಒಂದು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ, ನಿನ್ನ ಆಗಿನ ಗುಂಡಗುಂಡಗಿನ ಅಕ್ಷರದಲ್ಲಿ, ಹೀಗೆ ಬರೆದು ಕಳಿಸು: ಮೂರು, ಮನೆಯವರು ಸಿಗದೆ ಹೋದರೆ ಹತ್ತಿರ ನಿಂತಿರುವವರು ಸಾಕ್ಷಿ ಆಗಬಹುದು. ನಾನೇ ಬರೆದು ನೋಡಿದೆ. ನಿಮ್ಮಪ್ಪ ಬೆಳಕಿಗೆ ಹಿಡಿದು, ಇದು ದೊಡ್ಡವರ ಕೈ, ನನ್ನ ಮಗಳದ್ದಲ್ಲ, ನಡೆಯೋದಿಲ್ಲ ಅಂತ ವಾಪಸ್ಸು ಕೊಟ್ಟರು. ಆ ಮನೆಗೆ ಹೋಗುವ ಸೋಮವಾರಕ್ಕೆ ಮೊದಲು ತಲುಪಬೇಕು. ಒಳಗೊಂದು ರಟ್ಟು ಇಟ್ಟು, ಮಡಚದೆ ಕಳಿಸು. ಗೋಡೆಗೆ ಅಂಟಿಸಬೇಕು.