ಮಾಲೀಕರು ಮಾಡಬೇಕಾದದ್ದು

ದಾವಣಗೆರೆ
೧೪-೨-೧೯೬೪

ಹದಡಿಯಲ್ಲಿರುವ ನನ್ನ ಹಡೆದವ್ವ ರಂಗವ್ವನಿಗೆ, ಮಗಳು ದುರುಗವ್ವ ಮಾಡುವ ಶರಣು.

ನಾನೂ ಕೂಸೂ ಚೆನ್ನಾಗಿದೀವಿ. ಸುಗ್ಗಿ ಮುಗಿಯುವ ತನಕ ಸಾಹುಕಾರ್ ಶಿವಯೋಗಪ್ಪನೋರು ಬಿಡೋದಿಲ್ಲ, ಬಾಣಂತನಕ್ಕೆ ಬರೋಕಾಗಲ್ಲ ಅಂತ ನೀನು ಹೇಳಿ ಕಳಿಸಿದ್ದು ಮುಟ್ಟಿತು. ಈಗ ಮತ್ತೆ ಕೇಳ್ತಿದೀನಿ, ಬಾರವ್ವ. ಯಾಕೆ ಅನ್ನೋದನ್ನ ಪೂರ್ತಿ ಕೇಳು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ, ಬೈಯಬ್ಯಾಡ. ಹಡೆದು ಹನ್ನೊಂದನೇ ದಿನ ಮಿಲ್ಲಿಗೆ ಹೋಗಿದ್ದೆ. ನಿನ್ನ ಅಳಿಯ ಕೆಲಸಕ್ಕೆ ಅಂತ ಹರಿಹರದ ರೈಲು ಹತ್ತಿದ್ದೇ ತಡ, ಕೂಸನ್ನ ಪಕ್ಕದ ಮನೆ ಮೆಹರ್ ಬಾನು ಮಡಿಲಿಗೆ ಹಾಕಿ, ಕಿವಿಗೆ ಬಟ್ಟೆ ಸುತ್ತಿಕೊಂಡು ಹೊರಟೆ. ಸೇರುವಾಗ ಕಾಗದಕ್ಕೆ ರುಜು ಹಾಕಿದೀನಲ್ಲ, ಹೋಗದಿದ್ದರೆ ಕೆಲಸ ಹೋಯ್ತು ಅನ್ನೋದೇ ನನ್ನ ತಿಳುವಳಿಕೆ. ಸಾಹುಕಾರರ ಮನೆಯಲ್ಲಿ ದುಡಿಯುವ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಬೇರೆ ಏನು ಗೊತ್ತಿರುತ್ತೆ ಹೇಳು.

ಗೇಟು ಕಾಯುವ ಖಾಜಾ ಹುಸೇನ್ ಸಾಹೇಬರು ನನ್ನ ನೋಡಿ ಗಾಬರಿಯಾಗಿ ಅಡ್ಡ ನಿಂತರು. ಕೆಲಸ ಕಳೆದುಕೊಂಡೆ ಅಂತ ನಾನು ಅತ್ತೆ, ಅವರ ಕಾಲು ಹಿಡಿಯೋಕೂ ಹೋದೆ. ಅವರು ತಮ್ಮ ಸ್ಟೂಲಿನ ಮೇಲೆ ಕೂಡಿಸಿ, ನೀರು ಕೊಟ್ಟು, ಓದೋಕೆ ಬರುತ್ತಲ್ಲ ತಾಯಿ, ಓದು ಅಂತ ಗೋಡೆಯ ಬೋರ್ಡು ತೋರಿಸಿದರು.

ಎರಡು ವರ್ಷ ಅದೇ ಬೋರ್ಡಿನ ಮುಂದೆ ಓಡಾಡಿದೀನವ್ವ. ನಾವು ಮಾಡಬಾರದ್ದರ ಪಟ್ಟಿ ಇರಬೇಕು ಅಂತ ಕತ್ತೆತ್ತಿ ನೋಡಿರಲಿಲ್ಲ. ಹಡೆದವಳನ್ನ ಆರು ವಾರ ಕೆಲಸಕ್ಕೆ ಹಚ್ಚಬಾರದು, ಆ ದಿನಗಳ ಸಂಬಳ ಕೊಡಬೇಕು, ಆ ಹೊತ್ತಿನಲ್ಲಿ ಅವಳನ್ನ ಕೆಲಸದಿಂದ ತೆಗೆಯಬಾರದು. ಇಷ್ಟೂ ಮಾಲೀಕರ ಕರ್ತವ್ಯ. ಮಾಲೀಕರದು, ಅವ್ವ. ನನ್ನದೂ ಒಂದು ಐತೆ, ಆ ಆರು ವಾರ ನಾನು ಬೇರೆ ಕಡೆ ದುಡಿಯೋಕೆ ಹೋಗಬಾರದು. ನನ್ನನ್ನ ಒಳಗೆ ಬಿಟ್ಟಿದ್ದರೆ ತಪ್ಪು ನನ್ನದಲ್ಲ, ಮಾಲೀಕರದಾಗುತ್ತಿತ್ತಂತೆ. ಅಷ್ಟು ದೊಡ್ಡ ಮಿಲ್ಲು, ಅಷ್ಟೆತ್ತರದ ಚಿಮಣಿ, ಕಾರಿನಲ್ಲಿ ಬರುವ ಮಾಲೀಕರು, ಅವರಿಗೂ ಮಾಡಲೇಬೇಕಾದ್ದು ಅಂತ ಐತೆ, ಅದೂ ನೂಲು ಸುತ್ತುವ ನನಗೆ. ನಂಬೋಕಾಗದೆ ಮೂರು ಸಲ ಓದಿದೆ.

ಅಲ್ಲೇ ತಮ್ಮನ ನೆನಪಾಯ್ತು. ಅವನು ಹುಟ್ಟಿದ ಒಂಬತ್ತನೇ ದಿನಕ್ಕೆ ಸಾಹುಕಾರರು ನಿನ್ನನ್ನ ಕಣಕ್ಕೆ ಕರೆಸಿದ್ದರು. ಬೇವಿನ ಮರದ ಜೋಲಿ ತೂಗ್ತಿದ್ದವಳು ನಾನು. ಕೂಸಿನ ಮೈ ಸುಡ್ತೈತೆ ಅಂತ ಎರಡು ಸಲ ಬಂದು ಹೇಳಿದೆ. ರಾಶಿ ಮುಗಿಸಿ ಹೋಗು ಅಂದರು ಅವರು, ನೀನು ಮುಗಿಸಿಯೇ ಬಂದೆ. ಅಷ್ಟರಲ್ಲಿ ಅವನು ಅಳೋದು ನಿಲ್ಲಿಸಿದ್ದ. ಎಂಥ ತಾಯಿ ಇವಳು ಅಂತ ಅವತ್ತಿನಿಂದ ನಿನ್ನ ಮೇಲೆ ಸಿಟ್ಟಿತ್ತು. ಮದುವೆಯಾಗಿ ಹೊರಡುವಾಗ ನಿನ್ನ ತಬ್ಬಿಕೊಳ್ಳದಿದ್ದದ್ದು ಅದಕ್ಕೇ. ಈಗ ನಾನೂ ಕೂಸನ್ನ ಬಿಟ್ಟು ಹೋದೆನಲ್ಲ, ನಿನ್ನ ಹಾಗೇ. ನನ್ನನ್ನ ತಡೆಯೋರು ಇದ್ದರು, ನಿನ್ನನ್ನ ತಡೆಯೋರು ಯಾರೂ ಇರಲಿಲ್ಲ. ನಿನ್ನ ತಪ್ಪಿಲ್ಲವ್ವ. ನನ್ನ ಸಿಟ್ಟನ್ನ ಹೊಟ್ಟೆಗೆ ಹಾಕ್ಕೋ.

ಇನ್ನೂ ನಾಲ್ಕು ವಾರ ಉಳಿದೈತೆ. ಬಾ. ನೀರು ಕಾಯಿಸೋದು, ಅಡಿಗೆ ಮಾಡೋದು ಎಲ್ಲ ಮೆಹರ್ ಬಾನು ನೋಡ್ತಾಳೆ. ನೀನು ಮೊಮ್ಮಗನನ್ನ ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಕೂತುಕೋ.

ನಿನ್ನ ದಾರಿ ನೋಡುವ ಮಗಳು,
ದುರುಗವ್ವ

ಇನ್ನೊಂದು ಮಾತು, ಇದು ಸಾಹುಕಾರರ ಹೆಂಡತಿ ಗುರುಶಾಂತಮ್ಮನೋರಿಗೆ. ಅಕ್ಕಾರೆ, ಅವ್ವನ ಕಾಗದ ಓದಿ ಹೇಳೋರು ನೀವೇ ಅಂತ ಗೊತ್ತಿದ್ದೇ ಇಷ್ಟುದ್ದ ಬರೆದೆ. ತಮ್ಮ ಹೋದ ದಿನ ಕಣದ ಅಂಚಿನಲ್ಲಿ ಸೆರಗು ಬಾಯಿಗಿಟ್ಟು ನೀವು ನಿಂತಿದ್ದನ್ನ ನಾನು ನೋಡಿದೀನಿ. ಬೋರ್ಡಿನ ಮಾತು ಬಂದ ಕಡೆ ಮೆಲ್ಲಗೆ ಓದಬ್ಯಾಡ್ರಿ, ಪಡಸಾಲೆಯಲ್ಲಿ ಕೂತ ಯಜಮಾನರಿಗೂ ಕೇಳಲಿ.